ಎಣ್ಣೆ ಕುಡಿದ ಮಡಕೆ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಮಾತ್ರ ಕೇಳ್ಬೇಡ ಮಗಳೇ, ನನಗೂ ಗೊತ್ತಿಲ್ಲ, ನಮ್ಮಜ್ಜಿಗೂ ಗೊತ್ತಿರಲಿಲ್ಲ, ಆಲೆಹಳ್ಳಿ ಅಂತ ಒಂದು ಊರಿತ್ತಂತೆ. ಊರಿನ ಸುತ್ತ ಎತ್ತ ನೋಡಿದ್ರೂ ಕಬ್ಬು, ಊರೊಳಗೆ ಎತ್ತ ನೋಡಿದ್ರೂ ಆಲೆಮನೆ. ಆಲೆಮನೆ ಅಂದ್ರೆ ಗೊತ್ತಲ್ಲ? ಕಬ್ಬು ಅರೆದು ಹಾಲು ತೆಗೆದು, ದೊಡ್ಡ ಕೊಪ್ಪರಿಗೇಲಿ ಕುದಿಸಿ ಬೆಲ್ಲ ಮಾಡೋ ಜಾಗ. ಪಾಕ ಪೂರ್ತಿ ಗಟ್ಟಿಯಾಗೋವರೆಗೆ ಬಿಟ್ರೆ ಅದು ಅಚ್ಚು ಬೆಲ್ಲ ಆಗತ್ತೆ, ಸ್ವಲ್ಪ ಮುಂಚೆ ಇಳಿಸಿಬಿಟ್ರೆ ಜೋನಿ ಬೆಲ್ಲ. ಜೋನಿ ಬೆಲ್ಲ ನೀರಿನ ಹಾಗೆ ಓಡೋದೂ ಇಲ್ಲ, ಕಲ್ಲಿನ ಹಾಗೆ ಕೂತಿರೋದೂ ಇಲ್ಲ, ಮಧ್ಯದ್ದು. ನೀನು ಬೆಳಿಗ್ಗೆ ದೋಸೆಗೆ ಹಾಕ್ಕೊಂಡು ಬೆರಳು ನೆಕ್ತಾ ಕೂತಿದ್ದೆಯಲ್ಲ, ಅದೇ. ಇಷ್ಟು ಬಿಡಿಸಿ ಹೇಳ್ತಿರೋದು ಯಾಕೆ ಅಂದ್ರೆ, ಈ ಕತೆಯೆಲ್ಲ ಆ ಜೋನಿ ಬೆಲ್ಲದ ಅಂಟಿನ ಮೇಲೇ ನಿಂತಿದೆ.

ಆ ಊರಲ್ಲಿ ಒಂದು ಪದ್ಧತಿ ಇತ್ತಂತೆ. ಮದುವೆಗೆ ಮುಂಚೆ ಗಂಡಿನ ಮನೆಯವರು ಹೆಣ್ಣಿನ ಮನೆಗೆ ಜೋನಿ ಬೆಲ್ಲ ಕಳಿಸ್ತಾರೆ. ಮದುಮಗಳು ಅದನ್ನ ತನ್ನದೇ ಪಾತ್ರೇಲಿ ತುಂಬ್ಕೊಂಡು ಗಂಡನ ಮನೆಗೆ ಬಂದು, ಹೊಸಿಲ ಹತ್ರ ಇಟ್ಟಿರೋ ಕೊಪ್ಪರಿಗೆಗೆ ವಾಪಸ್ ಸುರೀಬೇಕು. ಮುತ್ತೈದೆಯರು ಒಂದು ಸೋಬಾನೆ ಪದ ಹಾಡ್ತಾರೆ. ಪದ ಮುಗಿಯೋವರೆಗೆ ಪಾತ್ರೆ ಬೋರಲು ಹಿಡಿದಿರಬಹುದು, ಅಲುಗಿಸೋ ಹಾಗಿಲ್ಲ, ಕೈ ಹಾಕಿ ಬಳಿಯೋ ಹಾಗಿಲ್ಲ. ಪದ ಮುಗಿದ ಮೇಲೆ ಅತ್ತೆ ಬಂದು ಪಾತ್ರೆಯೊಳಗೆ ಬೆರಳಾಡಿಸಿ ನಾಲಿಗೆಗೆ ಇಟ್ಕೊಳ್ತಾಳೆ. ಬೆರಳು ಸಿಹಿಯಾಗಿದ್ರೆ ಮುಗೀತು, ಆ ಹೆಣ್ಣು ತವರಿಗೆ ಅಂತ ಮನಸ್ಸಲ್ಲಿ ಒಂದಿಷ್ಟು ಮುಚ್ಚಿಟ್ಕೊಂಡಿದಾಳೆ ಅಂತ ಲೆಕ್ಕ. ಮದುವೆ ದಿನ ಒಂದು ಸಲ, ದೀಪಾವಳಿಗೆ ಇನ್ನೊಂದು ಸಲ, ಸಂಕ್ರಾಂತಿಗೆ ಮತ್ತೊಂದು ಸಲ, ಹೀಗೆ ಮೂರು ಸಲ ಸುರಿಯೋಕೆ ಬಿಡ್ತಿದ್ರಂತೆ. ಒಂದು ಸಲ ಸಪ್ಪೆಯಾದ್ರೂ ಸಾಕು, ತವರಿಗೆ ಹೋಗಿ ಬರಬಹುದು. ಮೂರು ಸಲವೂ ಬೆರಳು ಸಿಹಿಯಾದ್ರೆ, ಆ ಪಾತ್ರೇನ ಹಾಗೇ ಬಟ್ಟೆ ಕಟ್ಟಿ ಹೆಣ್ಣಿನ ತವರಿಗೆ ಕಳಿಸಿಬಿಡೋರಂತೆ, ನಿಮ್ಮ ಮಗಳಲ್ಲಿ ನಿಮ್ಮ ಪಾಲು ಇಷ್ಟೇ, ತಗೊಳ್ಳಿ ಅಂತ. ಆಮೇಲೆ ಅವಳು ಬದುಕಿರೋವರೆಗೆ ತವರಿಗೆ ಕಾಲಿಡೋ ಹಾಗಿಲ್ಲ, ಅವರೂ ಇಲ್ಲಿಗೆ ಬರೋ ಹಾಗಿಲ್ಲ.

ಒಬ್ಬರದ್ದಾದ್ರೂ ಪೂರ್ತಿ ಸುರೀತಿತ್ತಾ ಅಂತೀಯಾ? ಎಲ್ಲಿ ಸುರಿಯತ್ತೆ ಮಗಳೇ! ಅದು ಜೋನಿ ಬೆಲ್ಲ, ಅಂಟೋದೇ ಅದರ ಬುದ್ಧಿ. ಊರಲ್ಲಿ ಅಷ್ಟು ಮನೆ, ಅಷ್ಟು ಸೊಸೆಯರು, ಒಬ್ಬಳೂ ತವರಿನ ಮುಖ ನೋಡಿರಲಿಲ್ಲವಂತೆ. ಆದ್ರೂ ಒಬ್ಬರಿಗೂ ಇದು ಬೆಲ್ಲದ ಗುಣ ಅಂತ ಹೊಳೀಲಿಲ್ಲ. ನನ್ನ ಮನಸ್ಸೇ ಸರಿ ಇಲ್ಲ ಅಂತ ತಾವೇ ನಂಬಿ, ಸೆರಗಲ್ಲಿ ಮುಖ ಒರೆಸ್ಕೊಂಡು ಒಳಗೆ ಹೋಗ್ತಿದ್ರಂತೆ.

ಆ ಊರಲ್ಲಿ ಹೊಂಬಾಳಮ್ಮ ಅಂತ ಒಬ್ಬ ಜೋರಿನ ಯಜಮಾನಿ. ಅವಳಿಗೆ ಮೂರು ಜನ ಗಂಡುಮಕ್ಕಳು. ದೊಡ್ಡ ಸೊಸೆ ನಂಜಿ, ನಡುವಿನ ಸೊಸೆ ಕೆಂಪಿ, ಇಬ್ಬರ ಪಾತ್ರೆಯೂ ತವರಿಗೆ ಹೋಗಿ ಆಗಿತ್ತು. ಮೂರನೇ ಮಗ ಜವರ. ಅವನಿಗೆ ಹೊಳೆ ಆಚೆಯ ಒಣಭೂಮಿ ಊರಿಂದ ದೇವೀರಿ ಅನ್ನೋ ಹುಡುಗೀನ ತಂದ್ರಂತೆ. ಅವಳ ಊರಲ್ಲಿ ರಾಗಿ, ಹುಚ್ಚೆಳ್ಳು ಬಿಟ್ರೆ ಬೇರೆ ಬೆಳೆ ಇಲ್ಲ. ದೇವೀರಿಗೆ ತಾಯಿ ಇರಲಿಲ್ಲ, ಗೌರಿ ಅಂತ ಒಬ್ಬಳು ಪುಟ್ಟ ತಂಗಿ ಇದ್ದಳು. ಆ ಮಗೂನ ಎತ್ತಿ ಆಡಿಸಿ, ತಲೆ ಬಾಚಿ, ತುತ್ತಿಟ್ಟು ಬೆಳೆಸಿದ್ದೆಲ್ಲ ದೇವೀರಿಯೇ. ಮದುವೆ ಮುಗಿಸಿ ಗಾಡಿ ಹತ್ತೋವಾಗ ಗೌರಿ ಸೆರಗು ಬಿಡಲಿಲ್ಲವಂತೆ. ಯಾವಾಗ ಬರ್ತೀಯ ಅಕ್ಕಾ ಅಂತ ಒಂದೇ ಸಮ ಕೇಳಿದ್ಲು. ಸಂಕ್ರಾಂತಿಗೆ ಎಳ್ಳು ಬೀರೋಕೆ ನಾನೇ ಬರ್ತೀನಿ, ನಿನ್ನ ಜಡೆ ನಾನೇ ಹಾಕ್ತೀನಿ ಅಂತ ಮಾತು ಕೊಟ್ಟು ದೇವೀರಿ ಬಂದ್ಲಂತೆ.

ಮೊದಲನೇ ಸಲಕ್ಕೆ ದೇವೀರಿ ತಂದಿದ್ದು ಹಿತ್ತಾಳೆ ತಪ್ಪಲೆ. ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ, ಒಳಗೆ ಮುಖ ಕಾಣೋ ಹಾಗೆ ಮಾಡಿದ್ಲು. ಆ ಊರಲ್ಲಿ ಎಲ್ಲರೂ ಹಾಗೇ ಮಾಡ್ತಿದ್ರು. ಪಾತ್ರೆಯಲ್ಲಿ ಒಂಚೂರು ಜಿಡ್ಡು ಉಳಿದ್ರೂ ಅವಮಾನ, ಎಷ್ಟು ಚೊಕ್ಕಟವೋ ಅಷ್ಟು ಒಳ್ಳೆ ಹೆಣ್ಣು ಅಂತ. ಸರಿ, ಪದ ಶುರುವಾಯ್ತು, ದೇವೀರಿ ತಪ್ಪಲೆ ಬಗ್ಗಿಸಿದ್ಲು, ಬೆಲ್ಲ ದಪ್ಪ ಹಗ್ಗದ ಹಾಗೆ ಇಳೀತು, ಆಮೇಲೆ ಸಣ್ಣ ದಾರ ಆಯ್ತು, ಆಮೇಲೆ ತೊಟ್ಟು ತೊಟ್ಟು ಆಯ್ತು, ಪದ ಮುಗೀತು. ಒಳಗೆ ನೋಡಿದ್ರೆ ಗೋಡೆಗೆಲ್ಲ ಕೆಂಪಗೆ ಮೆತ್ಕೊಂಡಿದೆ. ಹೊಂಬಾಳಮ್ಮ ಬೆರಳಾಡಿಸಿ ಚಪ್ಪರಿಸಿ, ಹ್ಞೂಂ, ತವರಿಗೆ ಬೇಕಾದಷ್ಟು ಇಟ್ಕೊಂಡಿದಾಳೆ ಮಹಾರಾಯ್ತಿ ಅಂದ್ಲಂತೆ.

ಬೇರೆ ಹೆಣ್ಣುಮಕ್ಕಳಾಗಿದ್ರೆ ಅತ್ತು ಸುಮ್ಮನಾಗ್ತಿದ್ರು. ದೇವೀರಿಗೂ ಅಳು ಬಂತು. ಆದ್ರೆ ಅಳ್ತಾ ಅಳ್ತಾನೇ ತಪ್ಪಲೆಯೊಳಗೆ ಇಣುಕಿ ನೋಡಿದ್ಲಂತೆ. ಇದಕ್ಕೆ ಕೈಯಿಲ್ಲ, ಉಗುರಿಲ್ಲ, ಇಷ್ಟು ನುಣ್ಣಗಿರೋ ಹಿತ್ತಾಳೇನ ಯಾತರಿಂದ ಹಿಡ್ಕೊಂಡಿದೆ ಇದು? ಅಷ್ಟೇ ನೋಡು, ಆ ಪ್ರಶ್ನೆ ಅವಳ ತಲೆಗೆ ಹತ್ತಿದ್ದು ಇಳೀಲೇ ಇಲ್ಲ.

ಆಮೇಲೆ ಅವಳು ಆಲೆಮನೆಯಿಂದ ಒಂದು ಚಿಪ್ಪಲ್ಲಿ ಜೋನಿ ಬೆಲ್ಲ ತಗೊಂಡು, ಕಂಡಕಂಡದ್ದರ ಮೇಲೆಲ್ಲ ಒಂದೊಂದು ತೊಟ್ಟು ಬಿಟ್ಟು ನೋಡೋಕೆ ಶುರು ಮಾಡಿದ್ಲಂತೆ. ಒರಳು ಕಲ್ಲಿನ ಮೇಲೆ ಬಿಟ್ಲು, ಅಂಟ್ಕೊಂತು. ಎಮ್ಮೆ ಕೊಂಬಿನ ಮೇಲೆ ಬಿಟ್ಲು, ಅಂಟ್ಕೊಂತು, ಎಮ್ಮೆ ಬೇರೆ ತಿರುಗಿ ನೋಡ್ತು. ಕೆಸುವಿನ ಎಲೆ ಮೇಲೆ ನೀರು ಮುತ್ತಿನ ಹಾಗೆ ಉರುಳಾಡತ್ತಲ್ಲ, ಇದೂ ಉರುಳಬಹುದು ಅಂತ ಅದರ ಮೇಲೂ ಬಿಟ್ಲು. ಮೊದಲು ಉಂಡೆಯಾಗಿ ಕೂತಿತ್ತು, ದೇವೀರಿ ಖುಷಿಯಾದ್ಲು, ಆದ್ರೆ ಸ್ವಲ್ಪ ಹೊತ್ತಿಗೆ ಭಾರಕ್ಕೆ ಕುಸಿದು ಅದೂ ಮೆತ್ಕೊಂತು. ಕೊನೆಗೆ ಗಂಡನ ಅಂಗೈ ಹಿಡಿದು ಅಲ್ಲೂ ಒಂದು ತೊಟ್ಟು ಬಿಟ್ಲಂತೆ. ಜವರ ನಕ್ಕುಬಿಟ್ಟ. ಇನ್ನು ಮೂಗೊಂದು ಉಳಿದಿದೆ ಕಣೇ, ಅದರ ಮೇಲೂ ಬಿಡು, ಇರುವೆಗೂ ದಾರಿ ಸಿಗಲಿ ಅಂದ. ಆಮೇಲೆ ಕೈ ತೊಳ್ಕೊಳ್ತಾ, ಹಲಸಿನಹಣ್ಣು ಬಿಡಿಸೋವಾಗ ಕೈಗೆ ಎಣ್ಣೆ ಸವರ್ಕೊಳ್ಳಲ್ವಾ, ಆಗ ಅಂಟು ಹತ್ತಲ್ಲ, ನಿನ್ನ ತಪ್ಪಲೆಗೂ ಸವರಬಾರದಾ ಅಂದನಂತೆ. ಏನೋ ಬಾಯಿಗೆ ಬಂದದ್ದು ಅಂದ ಅಷ್ಟೇ, ದೇವೀರಿ ಮಾತ್ರ ಕಣ್ಣರಳಿಸಿ ನಿಂತ್ಲು.

ಎರಡನೇ ಸಲ, ದೀಪಾವಳಿ. ಹಿಂದಿನ ದಿನವೇ ಬೆಲ್ಲ ತುಂಬಿ ದೇವರ ಮುಂದೆ ಇಡಬೇಕು, ಅದು ಪದ್ಧತಿ. ದೇವೀರಿ ತಪ್ಪಲೆಯೊಳಗೆಲ್ಲ ಹುಚ್ಚೆಳ್ಳೆಣ್ಣೆ ಸವರಿ, ಆಮೇಲೆ ಬೆಲ್ಲ ತುಂಬಿದ್ಲು. ಜಿಡ್ಡು ಪಾತ್ರೆ ತಂದಿದಾಳೆ ಅಂತ ಮುತ್ತೈದೆಯರು ಮೂಗು ಮುರಿದ್ರು. ಮುರೀಲಿ, ಎಣ್ಣೆ ಹಚ್ಚಬಾರದು ಅಂತ ಯಾರೂ ಹೇಳಿರಲಿಲ್ಲ, ಯಾಕೆ ಅಂದ್ರೆ ಅಂಥ ಕೊಳಕು ಕೆಲಸ ಯಾರಾದ್ರೂ ಮಾಡ್ತಾರೆ ಅಂತ ಯಾರಿಗೂ ಅನ್ನಿಸಿರಲಿಲ್ಲ. ಪದ ಶುರುವಾಯ್ತು, ತಪ್ಪಲೆ ಬಗ್ಗಿತು, ಮೇಲಿನ ಬೆಲ್ಲ ಸರಾಗ ಇಳೀತು. ಆದ್ರೆ ತಳದ್ದು ಅಲ್ಲಾಡಲೇ ಇಲ್ಲ, ಮೆತ್ಕೊಂಡು ಹಾಗೇ ನಿಂತುಬಿಡ್ತು. ಹೊಂಬಾಳಮ್ಮ ಬೆರಳು ಚೀಪಿ, ಸಿಹಿ ಅಂದ್ಲು. ಇನ್ನು ಉಳಿದಿದ್ದು ಸಂಕ್ರಾಂತಿ ಒಂದೇ.

ಯಾಕೆ ಅಜ್ಜೀ, ಎಣ್ಣೆ ಇತ್ತಲ್ಲ ಅಂತೀಯಾ? ಕೇಳು. ಎಣ್ಣೆ ಹಗುರ, ಬೆಲ್ಲ ಭಾರ. ನುಣ್ಣನೆ ಹಿತ್ತಾಳೇಲಿ ಎಣ್ಣೆಗೆ ಹಿಡ್ಕೊಂಡು ಕೂರೋಕೆ ಎಡೆಯೇ ಇಲ್ಲ. ರಾತ್ರಿಯೆಲ್ಲ ಬೆಲ್ಲ ಮೆಲ್ಲಗೆ ಎಣ್ಣೇನ ತಳ್ಳಿ ತಳ್ಳಿ, ಅದು ಮೇಲೆ ಬಂದು ತೇಲ್ತಾ ಇತ್ತು. ಎಣ್ಣೆ ಬಿಟ್ಟ ಜಾಗದಲ್ಲಿ ಬೆಲ್ಲ ಹೋಗಿ ಕೂತ್ಕೊಂತು. ಇದು ನನಗೆ ಗೊತ್ತಿರೋದ್ರಿಂದ ಹೇಳ್ದೆ, ದೇವೀರಿಗೆ ಆಗ ಇನ್ನೂ ಗೊತ್ತಿರಲಿಲ್ಲ. ಕೊಪ್ಪರಿಗೇಲಿ ಬೆಲ್ಲದ ಮೇಲೆ ಎಣ್ಣೆ ಕಣ್ಣು ಬಿಟ್ಕೊಂಡು ತೇಲ್ತಿದ್ದದ್ದನ್ನ ಮಾತ್ರ ಅವಳು ನೋಡಿದ್ಲು, ನೋಡಿ ಮನಸ್ಸಲ್ಲಿ ಇಟ್ಕೊಂಡ್ಲು.

ನಂಜಿ, ಕೆಂಪಿ ಹಿತ್ತಲಲ್ಲಿ ಪಾತ್ರೆ ತೊಳೀತಾ ಆಡ್ಕೊಂಡ್ರಂತೆ. ನಂಜಿ ಅಂದ್ಲು, ನಮಗಾಗದೇ ಇದ್ದದ್ದು ನಿನಗಾಗತ್ತೇನೇ, ನೀನೇನು ಮೇಲಿಂದ ಉದುರಿದವಳಾ? ಕೆಂಪಿ ಅಂದ್ಲು, ಬಿಡಕ್ಕ, ಎಮ್ಮೆ ಕೊಂಬಿಗೂ ಬೆಲ್ಲ ತಿನ್ನಿಸಿದವಳು ಅವಳು. ದೇವೀರಿಗೆ ಸಿಟ್ಟು ಬರಲಿಲ್ಲ. ಅಕ್ಕಾ, ನೀವು ಸುರಿದಾಗ ತಳದಲ್ಲಿ ಜಾಸ್ತಿ ಉಳೀತಾ, ಪಕ್ಕದಲ್ಲಿ ಜಾಸ್ತಿ ಉಳೀತಾ ಅಂತ ಕೇಳಿದ್ಲಂತೆ. ಇಬ್ಬರೂ ತಲೆ ಎತ್ತಿ ಅವಳನ್ನ ನೋಡಿದ್ರು. ಆ ಊರಿಗೆ ಬಂದಾಗಿಂದ ಅವರನ್ನ ಅದರ ಬಗ್ಗೆ ಬೈದವರಿದ್ರು, ಕೇಳಿದವರು ಯಾರೂ ಇರಲಿಲ್ಲ. ನಂಜಿ, ನಂದು ತಳದಲ್ಲೇ ಕಣೇ ಅಂದ್ಲು. ಅಂದವಳು ಪಾತ್ರೆ ಬಿಟ್ಟು ಎದ್ದು ಹೋದ್ಲು. ಅವಳ ತಮ್ಮನ ಮದುವೆ ಅವಳಿಲ್ಲದೇ ಆಗಿಹೋಗಿತ್ತು ಮಗಳೇ.

ಆಮೇಲೆ ಒಂದು ಬೆಳಿಗ್ಗೆ ಹೊಂಬಾಳಮ್ಮ ದೋಸೆ ಹುಯ್ತಿದ್ಲಂತೆ. ಕಬ್ಬಿಣದ ಹಳೇ ಹೆಂಚು, ಮುಟ್ಟಿದ್ರೆ ತರಿತರಿ. ದೋಸೆ ಮಾತ್ರ ಸೆರಗು ಜಾರಿದ ಹಾಗೆ ಎದ್ದು ಬರ್ತಿತ್ತು. ಹೊಸ ಸೊಸೆ ಕೆಲಸ ಮಾಡಿ ಒಳ್ಳೇವಳಾಗೋಣ ಅಂತ ದೇವೀರಿ, ಹೆಂಚು ಕೊಡಿ ಅತ್ತೆ, ಬೂದಿ ಹಾಕಿ ತಿಕ್ಕಿಡ್ತೀನಿ ಅಂದ್ಲು. ಹೊಂಬಾಳಮ್ಮ ಹೌಹಾರಿದ್ಲು. ಮುಟ್ಟೀಯ ಜೋಕೆ! ಹೆಂಚು ತಿಕ್ತಾರೇನೇ ಹುಚ್ಚಿ? ಎಷ್ಟು ಕಾಲದಿಂದ ಎಣ್ಣೆ ಕುಡಿಸಿ ಕುಡಿಸಿ ಪಳಗಿಸಿದೀನಿ. ತಿಕ್ಕಿದ್ರೆ ನಾಳೆ ಒಂದು ದೋಸೆ ಏಳಲ್ಲ ಅಂತ ಸಟ್ಟುಗ ಎತ್ತಿ ಗದರಿದ್ಲಂತೆ.

ಕುಡಿಸಿ ಕುಡಿಸಿ ಅಂದ್ಲಲ್ಲ, ದೇವೀರಿ ಅಲ್ಲೇ ಕೂತುಬಿಟ್ಲು. ಹೌದಲ್ಲ! ನಾನು ತಪ್ಪಲೆಗೆ ಎಣ್ಣೆ ಸವರಿದೆ, ಕುಡಿಸಲಿಲ್ಲ. ಹಿತ್ತಾಳೆ ಕುಡಿಯೋದೇ ಇಲ್ಲ. ಈ ಹೆಂಚು ತರಿತರಿ, ಇದಕ್ಕೆ ಮೈಯೆಲ್ಲ ಸಣ್ಣ ಸಣ್ಣ ಬಾಯಿ, ಅದಕ್ಕೇ ಕುಡಿದಿದ್ದನ್ನ ಬಿಡೋದಿಲ್ಲ. ಹಾಗಾದ್ರೆ ಇದಕ್ಕಿಂತ ಜಾಸ್ತಿ ಕುಡಿಯೋ ಪಾತ್ರೆ ಯಾವುದು? ನೀನು ಹೇಳು ನೋಡೋಣ. ಆ, ಮಣ್ಣಿನ ಮಡಕೆ! ಜಾಣೆ. ಹೊಸ ಮಡಕೆಗೆ ನೀರು ಹಾಕಿದ್ರೆ ಸುಯ್ ಅಂತ ಕುಡಿಯತ್ತಲ್ಲ, ಅದೇ.

ಆಮೇಲೆ ದೇವೀರಿ ಅಗಲ ಬಾಯಿಯ ಒಂದು ಹೊಸ ಮಡಕೆ ತರಿಸಿ, ಬಿಸಿಲಲ್ಲಿ ಕಾಯಿಸಿ, ಒಳಗೆಲ್ಲ ಹುಚ್ಚೆಳ್ಳೆಣ್ಣೆ ಸವರಿದ್ಲಂತೆ. ಮಡಕೆ ಕುಡಿದುಬಿಡ್ತು, ಸವರಿದ ಗುರುತೇ ಇಲ್ಲ. ಮಾರನೇ ದಿನ ಮತ್ತೆ ಸವರಿದ್ಲು, ಅದನ್ನೂ ಕುಡೀತು. ದಿನಾ ಬೆಳಿಗ್ಗೆ ಮಡಕೇನ ಬಿಸಿಲಿಗಿಡೋದು, ಎಣ್ಣೆ ಕುಡಿಸೋದು, ಹಸುಗೂಸಿಗೆ ಎಣ್ಣೆ ನೀವಿದ ಹಾಗೆ ನೀವೋದು. ಜವರ ಆಲೆಮನೆಗೆ ಹೋಗ್ತಾ, ನಿನ್ನ ಮಗು ಇವತ್ತಾದ್ರೂ ಹೊಟ್ಟೆ ತುಂಬಾ ಕುಡೀತಾ ಅಂತ ರೇಗಿಸೋನಂತೆ. ಕಡೆಗೊಂದು ದಿನ ಸವರಿದ ಎಣ್ಣೆ ಸಂಜೆಯಾದ್ರೂ ಹಾಗೇ ಮಿನುಗ್ತಾ ನಿಂತಿತ್ತು. ಸಾಕು ಅಂತು ಮಡಕೆ.

ಅಷ್ಟೊತ್ತಿಗೆ ಸಂಕ್ರಾಂತಿ ಬಂತು. ಆ ವರ್ಷ ಎಂಥ ಚಳಿ ಅಂತೀಯಾ, ಚಳಿಗೆ ಜೋನಿ ಬೆಲ್ಲ ಇನ್ನೂ ಗಟ್ಟಿಯಾಗಿ ಕೂತಿತ್ತು. ಹೊಂಬಾಳಮ್ಮ ಮಡಕೆ ಕಟ್ಟೋ ಬಟ್ಟೇನೂ ತೆಗೆದು ಪಕ್ಕದಲ್ಲಿ ಇಟ್ಟಿದ್ಲು, ಮೂರನೇ ಸಲವೂ ಆಗದಿದ್ರೆ ತವರಿಗೆ ಕಳಿಸೋಕೆ. ದೇವೀರಿ ಆ ಬಟ್ಟೆ ನೋಡಿದ್ಲು. ಅಷ್ಟು ದೂರದಲ್ಲಿ ಗೌರಿ ತಲೆ ಬಾಚಿಸ್ಕೊಳ್ಳದೇ ಬಾಗಿಲಲ್ಲಿ ಕೂತಿರ್ತಾಳೆ ಅಂತ ನೆನೆಸ್ಕೊಂಡು, ಮಡಕೆ ಕೈಗೆತ್ಕೊಂಡ್ಲು. ಪದ ಶುರುವಾಯ್ತು. ದೇವೀರಿ ಮಡಕೆ ಬಗ್ಗಿಸಿದ್ಲು.

ಏನೂ ಬರಲಿಲ್ಲ.

ಚಳಿಗೆ ಮರಗಟ್ಟಿದ ಬೆಲ್ಲ, ಅಲ್ಲಾಡಲಿಲ್ಲ. ಪದ ಅರ್ಧ ಆಯ್ತು. ಮುಕ್ಕಾಲು ಆಯ್ತು. ಮಡಕೆ ಪೂರ್ತಿ ಬೋರಲಾಗಿದೆ, ಬೆಲ್ಲ ಮಾತ್ರ ಬಾಯಂಚಿಗೆ ಬಂದು ಯೋಚನೆ ಮಾಡ್ತಾ ನಿಂತಿದೆ. ಕೊನೇ ಸಾಲು ಬಂತು. ಆಗ ನಂಜಿ ಏನು ಮಾಡಿದ್ಲು ಗೊತ್ತಾ? ಎಲ್ಲರೂ ಸಾಲು ಮುಗಿಸಿದ್ರೂ ಅವಳು ಮುಗಿಸಲಿಲ್ಲ. ಸೋಬಾನೇಏಏ ಅಂತ ಎಳೆದ್ಲು. ಅವಳ ಉಸಿರು ಮುಗಿಯೋ ಹೊತ್ತಿಗೆ ಕೆಂಪಿ ಹಿಡ್ಕೊಂಡು ಇನ್ನೂ ಎಳೆದ್ಲು. ಹೊಂಬಾಳಮ್ಮ, ಇದೇನ್ರೇ ಗಂಟಲು ಹಿಡ್ಕೊಂತಾ ನಿಮಗೆ ಅಂತ ಕಣ್ಣು ಬಿಟ್ಲು. ಅವರು ನೋಡಿದ್ರೆ ತಾನೆ! ಕಣ್ಣು ಮುಚ್ಕೊಂಡು ಎಳೆದ್ರು, ಎಳೆದ್ರು, ಅಷ್ಟರಲ್ಲಿ ಬೆಲ್ಲ ಮೆಲ್ಲಗೆ ಮುಂದೆ ಸರೀತು. ಒಂದು ಸಲ ಸರಿದಿದ್ದೇ ತಡ, ಎಮ್ಮೆ ಕೆರೆಗೆ ಜಾರಿದ ಹಾಗೆ, ಇಡೀ ಬೆಲ್ಲ ಒಂದೇ ಮುದ್ದೆಯಾಗಿ ಜಾರಿ ಕೊಪ್ಪರಿಗೆಗೆ ಧೊಪ್ಪಂತ ಬಿತ್ತಂತೆ.

ಆಗ ನಂಜಿ, ಕೆಂಪಿ ಪದ ಮುಗಿಸಿದ್ರು. ಹೊಂಬಾಳಮ್ಮ ಬಂದು ಬೆರಳಾಡಿಸಿದ್ಲು, ನಾಲಿಗೆಗಿಟ್ಲು. ಮತ್ತೆ ತಳಕ್ಕೆ ಬೆರಳಿಟ್ಲು, ಮತ್ತೆ ನಾಲಿಗೆಗೆ. ಸಪ್ಪೆ. ಬರೀ ಎಣ್ಣೆ ರುಚಿ. ಅವಳ ಮುಖ ಒಂಥರಾ ಆಯ್ತಂತೆ. ಈ ಊರಲ್ಲಿ ಇವತ್ತಿಗೆ ಒಬ್ಬ ಸೊಸೆ ಬಂದ್ಲು, ಮನಸ್ಸಲ್ಲಿ ತವರು ಅಂತ ಒಂದು ತೊಟ್ಟೂ ಇಟ್ಕೊಳ್ಳದವಳು, ಹೋಗಮ್ಮ, ನೀನು ತವರಿಗೆ ಯಾವಾಗ ಬೇಕಾದ್ರೂ ಹೋಗಿ ಬಾ ಅಂದ್ಲು.

ಇಲ್ಲಿಗೆ ದೇವೀರಿ ಗೆದ್ಲು, ಅಲ್ವಾ? ಸುಮ್ಮನೆ ಗಾಡಿ ಹತ್ತಿದ್ರೆ ಆಗ್ತಿತ್ತು. ಜವರನೂ ಹಿಂದಿನಿಂದ, ಹ್ಞೂಂ ಅನ್ನು, ಹ್ಞೂಂ ಅನ್ನೇ ಅಂತ ಪಿಸುಗುಟ್ಟಿದ. ಆದ್ರೆ ದೇವೀರಿ ತಿರುಗಿ ನೋಡಿದಾಗ ನಂಜಿ, ಕೆಂಪಿ ಇನ್ನೂ ಏದುಸಿರು ಬಿಡ್ತಾ ನಿಂತಿದ್ರು. ತಾನು ಹ್ಞೂಂ ಅಂದ್ರೆ, ಈ ಇಬ್ಬರ ಮನಸ್ಸು ಸರಿ ಇಲ್ಲ ಅಂತ ತಾನೇ ಹೇಳಿದ ಹಾಗೆ. ಸುಳ್ಳಲ್ವಾ ಅದು?

ಇಲ್ಲ ಅತ್ತೆ, ಅಂದ್ಲಂತೆ ದೇವೀರಿ, ರಾತ್ರಿಯೆಲ್ಲ ನನ್ನ ತಂಗೀನೇ ನೆನೆಸ್ಕೊಂಡು ಅತ್ತಿದೀನಿ. ನನ್ನ ಮನಸ್ಸೆಲ್ಲ ತವರಲ್ಲೇ ಇದೆ, ಮಡಕೆ ಮಾತ್ರ ಖಾಲಿ. ಮಡಕೆಗೆ ಮನಸ್ಸು ತಿಳಿಯಲ್ಲ. ಅದು ಎಣ್ಣೆ ಕುಡಿದಿದೆ, ನಿಮ್ಮ ದೋಸೆ ಹೆಂಚಿನ ಹಾಗೆ, ಅಷ್ಟೇ. ಕಳಿಸೋದಿದ್ರೆ ಇದು ಗೊತ್ತಿದ್ದೂ ಕಳಿಸಿ, ಇಲ್ಲಾಂದ್ರೆ ಬಿಡಿ.

ಅಯ್ಯೋ ಹಾಳಾದವಳೇ ಅಂತ ಜವರ ತಲೆ ಮೇಲೆ ಕೈ ಹೊತ್ಕೊಂಡ. ಮುತ್ತೈದೆಯರು ಮೋಸ ಮೋಸ ಅಂದ್ರು. ಹೊಂಬಾಳಮ್ಮ ಮಡಕೇನ ಕೈಗೆ ತಗೊಂಡ್ಲು. ಎಷ್ಟೋ ಹೊತ್ತು ಮಡಕೆಯೊಳಗೇ ನೋಡ್ತಾ ನಿಂತಿದ್ಲು. ಆಮೇಲೆ ಮೆಲ್ಲಗೆ ಕೇಳಿದ್ಲಂತೆ, ನಾನೂ ಅವತ್ತು ಇಂಥ ಮಡಕೆಗೆ ಎಣ್ಣೆ ಕುಡಿಸಿ ತಂದಿದ್ರೆ ಬೀಳ್ತಿತ್ತೇನೇ?

ಬೀಳ್ತಿತ್ತು ಅತ್ತೆ.

ಪೂರ್ತಿ?

ಪೂರ್ತಿ.

ಹೊಂಬಾಳಮ್ಮ ಹೊಸಿಲ ಮೇಲೆ ಕುಸಿದು ಕೂತ್ಲಂತೆ. ಅವಳೂ ಆ ಊರಿಗೆ ಸೊಸೆಯಾಗಿ ಬಂದವಳೇ ಅಲ್ವಾ ಮಗಳೇ, ಅವಳ ಪಾತ್ರೆಯನ್ನೂ ಕಳಿಸಿದ್ರು. ಹಾಗಾದ್ರೆ ನಮ್ಮವ್ವ ಸತ್ತಾಗ ನಾನು ಯಾಕೆ ಹೋಗಲಿಲ್ಲ, ಅಂತ ಕೇಳಿದ್ಲು. ಯಾರನ್ನ ಕೇಳಿದ್ಲೋ ಏನೋ. ಮೋಸ ಅಂತಿದ್ದ ಮುತ್ತೈದೆಯರೂ ಸೆರಗು ಬಾಯಿಗಿಟ್ಕೊಂಡು ನಿಂತ್ರು, ಅವರೆಲ್ಲರದ್ದೂ ಅದೇ ಕತೆ ತಾನೆ.

ಆಮೇಲೆ ಹೊಂಬಾಳಮ್ಮ ಎದ್ದು, ಮೂಗು ಒರೆಸ್ಕೊಂಡು, ಜವರಾ, ನೋಡ್ತಾ ನಿಂತಿದೀಯಲ್ಲ, ಗಾಡಿ ಕಟ್ಟು ಅಂದ್ಲು. ದೇವೀರಿಗಾ ಅವ್ವ ಅಂದ. ಮೂವರು ಸೊಸೆಯರಿಗೂ, ದೊಡ್ಡ ಗಾಡಿ ಕಟ್ಟು, ಎಳ್ಳು ಬೆಲ್ಲ ಕಬ್ಬು ಎಲ್ಲ ತುಂಬು ಅಂದ್ಲು. ಅಂದು, ಒಂಚೂರು ತಡೆದು, ನನಗೂ ಒಂದು ಜಾಗ ಬಿಡು ಅಂದ್ಲಂತೆ.

ಗಾಡಿ ಮೊದಲು ಹೊಳೆ ದಾಟಿ ದೇವೀರಿ ಊರಿಗೆ ಹೋಯ್ತು. ಗೌರಿ ತಲೆ ಕೆದರಿಕೊಂಡು ಓಡಿ ಬಂದು, ಎಷ್ಟು ಹೊತ್ತಿಗೆ ಬರೋದು ನೀನು ಅಂತ ಅಕ್ಕನ ಬೆನ್ನಿಗೆ ಎರಡು ಗುದ್ದಿದ್ಲಂತೆ. ದೇವೀರಿ ಅಲ್ಲೇ ಜಗುಲಿ ಮೇಲೆ ಕೂರಿಸ್ಕೊಂಡು ಜಡೆ ಹಾಕೋಕೆ ಶುರು ಮಾಡಿದ್ಲು. ಆಮೇಲೆ ನಂಜಿ ತನ್ನೂರಲ್ಲಿ ಇಳಿದ್ಲು, ಆಮೇಲೆ ಕೆಂಪಿ ತನ್ನೂರಲ್ಲಿ ಇಳಿದ್ಲು. ಕಡೆಗೆ ಗಾಡೀಲಿ ಉಳಿದವಳು ಹೊಂಬಾಳಮ್ಮ ಒಬ್ಬಳೇ.

ಅವಳ ಊರು ಬಂತು. ಯಾವ ಬೀದಿ ಅಂತಾನೇ ಗೊತ್ತಾಗಲಿಲ್ಲ ಅವಳಿಗೆ, ಬೇಲಿ ಇದ್ದ ಕಡೆ ಮನೆ, ಮನೆ ಇದ್ದ ಕಡೆ ಮರ. ಕೇಳ್ಕೊಂಡು ಕೇಳ್ಕೊಂಡು ಹೋಗಿ ಒಂದು ಬಾಗಿಲ ಮುಂದೆ ನಿಂತ್ಲು. ಜಗುಲಿ ಮೇಲೆ ಹಲ್ಲಿಲ್ಲದ ಒಬ್ಬ ಮುದುಕ ಅವರೆಕಾಯಿ ಬಿಡಿಸ್ತಿದ್ದ. ಅವಳ ತಮ್ಮ. ಅವಳು ಗಾಡಿ ಹತ್ತಿ ಹೋದಾಗ ಗಾಡಿ ಹಿಂದೆ ಓಡಿದ ಹುಡುಗ. ಅಷ್ಟು ಜೋರಿನ ಹೊಂಬಾಳಮ್ಮ ಸೆರಗು ಬೆರಳಿಗೆ ಸುತ್ಕೊಳ್ತಾ ನಿಂತ್ಲು! ಮುದುಕ ಕಣ್ಣು ಕಿರಿದು ಮಾಡಿ ನೋಡಿದ. ಇನ್ನೂ ನೋಡಿದ. ಆಮೇಲೆ ಯಾರು, ಏನು, ಯಾಕೆ ಇಷ್ಟು ವರ್ಷ ಅಂತ ಒಂದೂ ಕೇಳಲಿಲ್ಲವಂತೆ. ಒಳಗಡೆ ತಿರುಗಿ ಕೂಗಿ ಹೇಳಿದನಂತೆ, ಏಯ್, ಇನ್ನೊಂದು ಎಲೆ ಹಾಕ್ರೇ, ಅಕ್ಕ ಬಂದಿದಾಳೆ.

ಆಮೇಲಿಂದ ಆಲೆಹಳ್ಳೀಲಿ ಸೊಸೆಯರು ಬೇಕಾದಾಗ ತವರಿಗೆ ಹೋದ್ರು, ಬೇಕಾದಾಗ ಬಂದ್ರು, ಎಲ್ಲರೂ ಸುಖವಾಗಿದ್ರಂತೆ. ಪದ್ಧತಿ ಪೂರ್ತಿ ಬಿಡೋಕೆ ಮನಸ್ಸಾಗಲಿಲ್ಲ, ಮದುಮಗಳು ಈಗಲೂ ಬೆಲ್ಲ ಸುರೀತಾಳಂತೆ. ಪಾತ್ರೇಲಿ ಅಂಟಿ ಉಳಿದದ್ದನ್ನ ಮಾತ್ರ ಬೀದಿ ಮಕ್ಕಳೆಲ್ಲ ಕೂತು ಬೆರಳಲ್ಲಿ ಬಳ್ಕೊಂಡು ನೆಕ್ತಾರಂತೆ. ಮಕ್ಕಳಿಗೆ ಜಾಸ್ತಿ ಸಿಗಲಿ ಅಂತ ಯಾರೂ ಮಡಕೆಗೆ ಎಣ್ಣೆ ಕುಡಿಸೋದಿಲ್ಲವಂತೆ.

ಕತೆ ಮುಗೀತು ಮಗಳೇ, ಬೆಲ್ಲ ಕೊಪ್ಪರಿಗೆ ಸೇರ್ತು, ಅಕ್ಕ ತಂಗಿ ಹತ್ರ ಸೇರಿದ್ಲು, ಇನ್ನು ನಿನ್ನ ಕಣ್ರೆಪ್ಪೆ ಒಂದಕ್ಕೊಂದು ಸೇರಲಿ.